ಬೋರಯ್ಯನ ಹೆಸರಿನ ಉರಿಗೊಳವೆ

ನೇರಲಕಾವಲು. ಎರಡನೆಯ ಬಿಸಿಗಾಲದ ಮುನ್ನೂರ ಹನ್ನೆರಡನೆಯ ವರ್ಷ, ಹದಿನಾಲ್ಕನೆಯ ತಿಂಗಳ ನಲವತ್ತನೆಯ ದಿನ.

ನಮಗಿಂತ ಬಹಳ ಹಿಂದೆ ಬಾಳಿದವರಿಗೆ, ಇದೇ ಊರಿನ ಸೂರಮ್ಮ ಬರೆಯುವ ಕಾಗದ.

ಈ ತಾರೀಕು ನಿಮ್ಮ ಯಾವ ಪಂಚಾಂಗದಲ್ಲೂ ಸಿಗುವುದಿಲ್ಲವೆಂದು ಬಲ್ಲೆ. ನಮ್ಮಲ್ಲಿ ವರ್ಷವೆಂದರೆ ಒಂದು ಗಾಳಿಯಿಂದ ಇನ್ನೊಂದು ಗಾಳಿಯವರೆಗೆ. ಪಡುವಣ ಗಾಳಿ ಬರುವುದು ತಡವಾದರೆ ತಿಂಗಳಿಗೆ ದಿನಗಳನ್ನೂ ವರ್ಷಕ್ಕೆ ತಿಂಗಳುಗಳನ್ನೂ ಸೇರಿಸುತ್ತಾ ಹೋಗುತ್ತೇವೆ. ವಯಸ್ಸು ಮುಚ್ಚಿಡುವವರಿಗೆ ಇದರಿಂದ ಒಳ್ಳೆಯ ಅನುಕೂಲವಾಗಿದೆ. ನನ್ನ ಮಾತುಗಳು ನಿಮಗೆ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಬೇಕು. ನಿಮ್ಮ ಕಾಲದ ಬರವಣಿಗೆಗೆ ಕೈ ಒಗ್ಗಿಸಿಕೊಂಡು ಬರೆಯುತ್ತಿದ್ದೇನೆ. ಮನೆಮಾತು ಮಾತ್ರ ಇಷ್ಟು ಕಾಲವಾದರೂ ಅಷ್ಟೇನೂ ಕೆಟ್ಟಿಲ್ಲ, ಆದ್ದರಿಂದ ಮುಂದೆ ಬರುವ ನಮ್ಮ ಸೋದರತ್ತೆಯ ಮಾತುಗಳನ್ನು ಅವಳು ಆಡಿದ ಹಾಗೆಯೇ ಬಿಟ್ಟಿದ್ದೇನೆ.

ಬರೆಯಲು ಕಾರಣವಾದದ್ದು ನಿಮ್ಮದೇ ಒಂದು ತಗಡಿನ ಡಬ್ಬ. ಹೋದ ತಿಂಗಳು ಮೇಕೆದೊಡ್ಡಿಗೆ ಪಾಯ ತೋಡುವಾಗ ಸಿಕ್ಕಿತು. ಒಳಗೆ ಹೆಬ್ಬೆರಳ ಗಾತ್ರದ ಕಾಗದದ ಕೊಳವೆಗಳು, ಒಂದು ಬದಿಗೆ ಜೇಡಿಮಣ್ಣಿನ ಬಾಯಿ, ಮೇಲೆ ನೋಡಲು ಈಗ ತಾನೇ ಮಾಡಿಟ್ಟಂತೆ. ನೀವು ಅವನ್ನು ಮಾದರಿ ರಾಕೆಟ್ಟಿನ ಮೋಟರು ಎನ್ನುತ್ತಿದ್ದಿರಿ, ನಾವು ಉರಿಗೊಳವೆ ಎನ್ನುತ್ತೇವೆ. ಜೊತೆಯಲ್ಲಿ ಒಂದು ಅಚ್ಚಿನ ಹಾಳೆ. ಈ ಕಂತಿನ ಸರಕಿನಲ್ಲಿ ದೋಷವಿದೆ, ಹಾರಿಸಬೇಡಿ, ನೀರಿನಲ್ಲಿ ನೆನೆಸಿ ಹಾಳುಮಾಡಿ ಎಂದು ಅದರಲ್ಲಿತ್ತು. ಯಾರೋ ಅದನ್ನು ಓದಿದ್ದಾರೆ, ನೀಟಾಗಿ ಮಡಿಸಿದ್ದಾರೆ, ಕೊಳವೆಗಳ ಜೊತೆಗೇ ಇಟ್ಟು ಮುಚ್ಚಳ ಹಾಕಿದ್ದಾರೆ. ಮಾಡಬೇಕಾದ ಕೆಲಸ ಒಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಅಚ್ಚುಕಟ್ಟಾಗಿ ಆಗಿತ್ತು.

ನಾನು ಈ ಊರಿನ ನೆನೆಯಿಡುವವಳು. ಕೆಟ್ಟ ಉರಿಗೊಳವೆಗಳನ್ನು ನೀರಿಗೆ ಹಾಕಿ, ಅವು ಪೂರ್ತಿ ಕರಗುವವರೆಗೆ ಕಾಯುವುದು ನನ್ನ ಕೆಲಸ. ಊರಿನಲ್ಲಿ ಇದಕ್ಕಿಂತ ಬೇಸರದ ಕೆಲಸ ಇನ್ನೊಂದಿಲ್ಲ, ಅದಕ್ಕೇ ಯಾರೂ ಪೈಪೋಟಿಗೆ ಬಂದಿಲ್ಲ.

ನಮ್ಮ ದಿನಗಳು ಹೇಗಿವೆ ಎಂದು ಸ್ವಲ್ಪ ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ಮನೆಗಳು ಅರ್ಧ ನೆಲದೊಳಗಿವೆ. ಬಿಸಿಲೇರುವ ಮೊದಲೇ ಹೊರಗಿನ ಕೆಲಸ ಮುಗಿಸಿ, ಒದ್ದೆ ಗೋಣಿಪರದೆ ಇಳಿಬಿಟ್ಟು ಮಲಗುತ್ತೇವೆ. ಸಂಜೆ ಎದ್ದು ಮುದ್ದೆಗೆ ಎಸರಿಡುತ್ತೇವೆ. ಮುದ್ದೆ ನಿಮ್ಮ ಕಾಲದಲ್ಲೂ ಇತ್ತಂತೆ, ಕೇಳಿ ಸಮಾಧಾನವಾಯಿತು. ಗುಡ್ಡದ ನೆತ್ತಿಯಲ್ಲಿ ಉದ್ದುದ್ದ ಬಲೆಗಳನ್ನು ಕಟ್ಟಿದ್ದೇವೆ. ಇವಕ್ಕೆ ಮಂಜುಬಲೆ ಎಂದು ಹೆಸರು. ಬೆಳಗಿನ ಜಾವದ ಮಂಜು ಬಲೆಗೆ ತಾಗಿ ಹನಿಯಾಗಿ, ಮರದ ಕಾಲುವೆಗಳಲ್ಲಿ ಹರಿದು ಕೆರೆಗೆ ಬರುತ್ತದೆ. ಊರು ಬದುಕಿರುವುದು ಆ ಕೆರೆಯಿಂದ. ಬಲೆಗಳನ್ನು ಮೇಲುಗಾಳಿಗೆ ಎದುರಾಗಿ ತಿರುಗಿಸಬೇಕು, ಆದರೆ ಮೇಲುಗಾಳಿ ಯಾವ ಕಡೆಯದೆಂದು ನೆಲದ ಮೇಲೆ ನಿಂತವನಿಗೆ ತಿಳಿಯುವುದಿಲ್ಲ. ಅದಕ್ಕಾಗಿ ಗಾಳಿ ತಿರುಗುವ ದಿನ ಕಾವಲಿನ ಬಯಲಿನಿಂದ ಉರಿಗೊಳವೆ ಕಟ್ಟಿದ ಸಣ್ಣ ಬಾಣಗಳನ್ನು ಹಾರಿಸುತ್ತೇವೆ. ಮೇಲೆ ಹೋಗಿ ಬಾಣ ಒಂದು ಕೆಂಪು ಬಟ್ಟೆ ಬಿಚ್ಚುತ್ತದೆ. ಬಟ್ಟೆ ತೇಲಿದ ದಿಕ್ಕು ನೋಡಿ ಬಲೆ ತಿರುಗಿಸುತ್ತೇವೆ.

ಇಷ್ಟೇ ಆಗಿದ್ದರೆ ಅದು ಬರೀ ಕಸುಬು. ಆದರೆ ಹಿಂದಿನ ಗಾಳಿಯಿಂದ ಈಚೆಗೆ ತೀರಿಕೊಂಡವರ ಹೆಸರನ್ನು ಉರಿಗೊಳವೆಯ ಮೇಲೆ ಮಸಿಯಲ್ಲಿ ಬರೆಯುವ ಪದ್ಧತಿ ಯಾವಾಗಲೋ ಸೇರಿಕೊಂಡಿತು. ಹತ್ತಿರದವರೇ ಪಕ್ಕದಲ್ಲಿ ನಿಂತು, ತಮ್ಮ ಕೈಯಾರೆ ಬತ್ತಿಗೆ ಬೆಂಕಿ ಮುಟ್ಟಿಸಬೇಕು. ದೂರ ನಿಂತು ಹಚ್ಚಿದರೆ ಸತ್ತವರನ್ನು ಬಾಗಿಲಿಗೂ ಬಂದು ಬೀಳ್ಕೊಡದಷ್ಟು ಅವಮಾನ. ಹೆಸರು ಬರೆದ ಮೇಲೆ ಆ ಕೊಳವೆಯನ್ನು ಬೇರೆ ಯಾರೂ ಮುಟ್ಟುವಂತಿಲ್ಲ, ಬದುಕಿರುವವರು ಹೆಸರು ಅಳಿಸುವಂತಿಲ್ಲ. ಅದಕ್ಕೇ ಹಾರಿಸುವ ದಿನದ ಬೆಳಿಗ್ಗೆ ಮಾತ್ರ ಬರೆಯಬೇಕೆಂದು ಹಿರಿಯರು ಕಟ್ಟು ಮಾಡಿದ್ದರು. ಹೆಸರಿಲ್ಲದ ಕೊಳವೆ ಕೆಟ್ಟರೆ ನೀರಿಗೆ ಹಾಕಬಹುದು. ಹೆಸರಿರುವುದು ಕೆಟ್ಟರೆ ಏನು ಮಾಡಬೇಕೆಂದು ಯಾರೂ ಹೇಳಿರಲಿಲ್ಲ.

ಕೊಳವೆಗಳನ್ನು ಮಾಡುವುದು ಪಕ್ಕದ ಸುಣ್ಣದಗುಡ್ಡದ ಗಿಡಿಗೆಮನೆಯವರು. ಮದ್ದನ್ನು ಕೊಳವೆಯೊಳಗೆ ಗಿಡಿದು ತುಂಬುವುದರಿಂದ ಆ ಹೆಸರು. ಹಿಂದಿನ ಗಾಳಿಯ ಸಲ ಅವರ ಒಂದು ಕಂತು ಹಾಳಾಗಿತ್ತು. ಗವಿಯಲ್ಲಿ ತಂಪಾಗಿ ಇಡಬೇಕಾದದ್ದನ್ನು ಜಾಗವಿಲ್ಲವೆಂದು ತಗಡಿನ ಮಾಡಿನ ಕೆಳಗೆ ಇಟ್ಟಿದ್ದರು. ಹಗಲು ಕಾದು, ಇರುಳು ಆರಿ, ಮತ್ತೆ ಕಾದು, ಒಳಗಿನ ಮದ್ದು ಕೊಳವೆಯ ಗೋಡೆ ಬಿಟ್ಟಿತು. ಅಂಥದಕ್ಕೆ ಬೆಂಕಿ ಬಿದ್ದರೆ ಉರಿ ತುದಿಯಿಂದ ಮೆಲ್ಲಗೆ ಹೋಗದೆ ಪಕ್ಕದ ಸಂದಿಯಲ್ಲಿ ಒಮ್ಮೆಲೇ ನುಗ್ಗುತ್ತದೆ, ಕೊಳವೆ ಸಿಡಿಯುತ್ತದೆ. ಹೊರಗಿನಿಂದ ನೋಡಿದರೆ ಏನೂ ಕಾಣುವುದಿಲ್ಲ. ಅವರ ಊರಿನಲ್ಲಿ ಗಾಳಿ ಮೊದಲು ತಿರುಗಿತು. ಕಾಟಯ್ಯ ಎಂಬುವನು ತನ್ನ ತಾಯಿಯ ಹೆಸರಿನ ಬತ್ತಿಗೆ ಬೆಂಕಿ ಮುಟ್ಟಿಸಿದ; ಬಲಗಣ್ಣನ್ನೂ ಬೆರಳುಗಳನ್ನೂ ಕಳೆದುಕೊಂಡ.

ಮಾರನೆಯ ದಿನವೇ ಹಿಂಗರೆ ಹೊರಟಿತು. ಹಿಂದಕ್ಕೆ ಕರೆಯುವುದು ಹಿಂಗರೆ. ಗಿಡಿಗೆಮನೆಯವರೇ ಬರಿಗಾಲಲ್ಲಿ, ತಲೆಯ ಮೇಲೆ ಖಾಲಿ ಮಂಕರಿ ಹೊತ್ತು, ಸರಕು ಹೋದ ಊರೂರಿಗೂ ಹೋಗಿ ತಮ್ಮದನ್ನು ತಾವೇ ಕೇಳಿ ತರಬೇಕು. ಬಂದವರಿಗೆ ಮೊದಲು ಮಜ್ಜಿಗೆ ಕೊಡಬೇಕು, ಅವರು ಕುಡಿದು ಲೋಟ ಕೆಳಗಿಡುವವರೆಗೆ ತಪ್ಪು ಯಾರದೆಂದು ಕೇಳಬಾರದು. ಹಾಗೆ ಕೇಳಿದ ಊರಿಗೆ ಮುಂದೆ ಯಾರೂ ನಿಜ ಹೇಳಲು ಬರುವುದಿಲ್ಲ ಎಂಬುದು ನಮ್ಮವರ ಅನುಭವ. ನಮ್ಮೂರಿಗೆ ಅವರ ಹಿರಿಯಳು ಮಾರಕ್ಕ ಬಂದಳು. ನಮ್ಮವರು ತಮ್ಮ ತಮ್ಮ ಕೊಳವೆಗಳನ್ನು ತಂದು ಅವಳ ಮಂಕರಿಗೆ ಹಾಕಿದರು. ಒಬ್ಬಳು ಮಾತ್ರ ಬರಲಿಲ್ಲ.

ಅವಳು ನನ್ನ ಸೋದರತ್ತೆ ಓಬಕ್ಕ. ಅವಳ ಗಂಡ ಬೋರಯ್ಯ ನಮ್ಮೂರಿನ ನೀರಗಂಟಿ; ಕೆರೆಯ ತೂಬು ಎತ್ತುವುದು, ಇಳಿಸುವುದು ಅವನ ಹಕ್ಕು. ಆ ಗಾಳಿಗೆ ಮುಂಚೆ ಜ್ವರ ಬಂದು ತೀರಿಕೊಂಡಿದ್ದ. ಅವನಿಗೆ ಎತ್ತರವೆಂದರೆ ಆಗದು. ಮಂಜುಬಲೆ ಕಟ್ಟಲು ಊರೆಲ್ಲ ಗುಡ್ಡ ಹತ್ತಿದರೆ ಇವನು ಕೆಳಗೆ ನಿಂತು ಸಲಹೆ ಕೊಡುತ್ತಿದ್ದ. ನೀರೆಂದರೆ ಮಾತ್ರ ಪ್ರಾಣ. ತೂಬು ನೋಡುವ ನೆಪದಲ್ಲಿ ಇಳಿದವನು ಕುತ್ತಿಗೆಮಟ್ಟ ನೀರಲ್ಲಿ ಕೂತುಬಿಡುತ್ತಿದ್ದ. ಬೇರೆಯವರಿಗೆ ಕೆರೆಗೆ ಇಳಿಯುವ ಹಕ್ಕಿಲ್ಲವಾದ್ದರಿಂದ ಊರಿಗೆ ಅವನ ಮೇಲೆ ಹೊಟ್ಟೆಕಿಚ್ಚಿತ್ತು. ದಿನಾ ಸಂಜೆ ಓಬಕ್ಕ ಏರಿಯ ಮೇಲೆ ನಿಂತು, "ಸಾಕು, ಎದ್ದು ಬರ್ರಿ, ಮುದ್ದೆ ಆರೋಗ್ತೈತೆ" ಎಂದು ಕೂಗುತ್ತಿದ್ದಳು. ಆ ಕೂಗು ಕೇಳಿದರೆ ನಾವು ನಮ್ಮ ನಮ್ಮ ಒಲೆ ಹಚ್ಚುತ್ತಿದ್ದೆವು.

ಇಂಥವಳು, ಕೊಳವೆ ಕೈಗೆ ಬಂದ ದಿನವೇ ಗಂಡನ ಹೆಸರು ಬರೆದುಬಿಟ್ಟಿದ್ದಳು. ಕಾಯಲು ಮನಸ್ಸಾಗಲಿಲ್ಲವಂತೆ. ಮಾರಕ್ಕ ಬಾಗಿಲಿಗೆ ಹೋದಳು, ಮಜ್ಜಿಗೆ ಸಿಕ್ಕಿತು, ಕೊಳವೆ ಸಿಗಲಿಲ್ಲ. "ನಮ್ಮೋರು ಏಣಿ ಮೇಲೂ ಕಾಲಿಟ್ಟೋರಲ್ಲ. ಒಂದೇ ಒಂದು ಸಲ ಮೇಲಕ್ಕೋಗೋ ಹೊತ್ನಾಗೆ ನೀರಾಗೆ ಮುಳುಗಿಸ್ಬೇಕಾ?" ಎಂದು ಕೇಳಿದಳು. ಕಾಟಯ್ಯನ ಕಣ್ಣಿನ ವಿಷಯ ಹೇಳಿದ್ದಕ್ಕೆ, ತನಗೆ ಇನ್ನು ನೋಡುವುದೇನಿದೆ ಎಂದಳು. ಕಿತ್ತುಕೊಳ್ಳುವ ಹಾಗಿಲ್ಲ, ಹೆಸರಿದೆ. ಗಾಳಿ ತಿರುಗುವ ಸೂಚನೆ ಆಗಲೇ ಕಾಣುತ್ತಿತ್ತು, ಅವಳು ಹಟ ಹಿಡಿದರೆ ಇಳಿಯುವವಳಲ್ಲ. ನನಗೆ ಭಯವಾಯಿತು. ನನ್ನನ್ನು ಎತ್ತಿ ಆಡಿಸಿದ ಕೈ ಅದು. ಬೆರಳಿಲ್ಲದ ಆ ಕೈ ಕಣ್ಣ ಮುಂದೆ ಬಂತು.

ಗಾಳಿಯ ಹಿಂದಿನ ದಿನ ಬೆಳಿಗ್ಗೆ ಅವಳ ಮನೆಗೆ ಹೋದೆ. ಕೊಳವೆ ಗೋಡೆಯ ಗೂಡಿನಲ್ಲಿ, ಬೋರಯ್ಯನ ಎಲೆಯಡಿಕೆ ಚೀಲದ ಪಕ್ಕದಲ್ಲಿತ್ತು. ಬುದ್ಧಿ ಹೇಳಲು ನನಗೆ ಬರುವುದಿಲ್ಲ, ಹೇಳಿದರೆ ಅವಳು ಕೇಳುವುದೂ ಇಲ್ಲ. ಗೋಡೆಗೊರಗಿ ಕೂತೆ. ಅವಳೇ, "ನೀರಿಗೆ ಹಾಕಿದ್ರೆ ಏನಾಗ್ತೈತೆ ಅದು?" ಎಂದಳು. ಇದ್ದದ್ದನ್ನು ಹೇಳಿದೆ. ಮೊದಲು ಮುಳುಗಿ ಗುಳ್ಳೆ ಬಿಡುತ್ತದೆ. ಆಮೇಲೆ ಕಾಗದ ಸುರುಳಿ ಸುರುಳಿಯಾಗಿ ಬಿಚ್ಚಿಕೊಳ್ಳುತ್ತದೆ, ಮದ್ದು ಮೆತ್ತಗಾಗಿ ತಳಕ್ಕೆ ಕೂರುತ್ತದೆ. ಮಸಿಯಾದ್ದರಿಂದ ಅಕ್ಷರ ಥಟ್ಟನೆ ಹೋಗುವುದಿಲ್ಲ, ನೀರಿನ ಮೇಲೆ ಕೊಂಚ ಹೊತ್ತು ಇರುತ್ತದೆ, ಯಾರ ಕೈಯೂ ಅದನ್ನು ಅಳಿಸುವುದಿಲ್ಲ. ಅವಳು ನೀರು ಎಲ್ಲಿಯದೆಂದು ಕೇಳಿದಳು. ಕೆರೆಯದು, ಕೊಡದಲ್ಲಿ ತಂದು ಕಲ್ಲುಬಾನಿಗೆ ತುಂಬುತ್ತೇನೆ ಎಂದೆ. "ತೂಬಿನ ಕಡೇದಾ?" ಎಂದಳು. ಹೌದೆಂದೆ. ನಾನು ಹೊಸ್ತಿಲು ದಾಟುವಾಗ, ಬಾನಿ ಕಂಠದವರೆಗೂ ತುಂಬಿರಲಿ ಎಂದಳು.

ಸಂಜೆ ಕೊಳವೆ ಹಿಡಿದು ಬಾನಿಯ ಬಳಿ ಬಂದಳು. ಸುದ್ದಿ ಹೇಗೋ ಹರಡಿತ್ತು, ಊರಿನವರು ಕೆಲವರು ದೂರದಲ್ಲಿ ನಿಂತಿದ್ದರು. ಮಾರಕ್ಕನೂ ಮಂಕರಿ ಕೆಳಗಿಟ್ಟು ನಿಂತಿದ್ದಳು. ಓಬಕ್ಕ ಕೊಳವೆಯನ್ನು ಎಸೆಯಲಿಲ್ಲ. ಎಳೆಮಗುವನ್ನು ಇಳಿಸುವಂತೆ ಎರಡೂ ಕೈಯಿಂದ ನೀರೊಳಗೆ ಇಳಿಸಿ, ಮೊಣಕೈವರೆಗೆ ಒದ್ದೆಯಾಗಿ, ಮೆಲ್ಲಗೆ ಬಿಟ್ಟಳು. ಗುಳ್ಳೆಗಳು ಬಂದವು. ಬಾನಿಯ ಪಕ್ಕದಲ್ಲೇ ಕೂತಳು. ಹೊತ್ತು ಮುಳುಗುವ ವೇಳೆಗೆ ಕಾಗದ ಬಿಚ್ಚಿಕೊಂಡಿತು, ಮಸಿ ಅಷ್ಟಷ್ಟೇ ಬಿಟ್ಟುಕೊಂಡು ಮೇಲಕ್ಕೆ ಬಂತು. ಅದು ಅವಳು ಏರಿಯ ಮೇಲೆ ನಿಂತು ಕೂಗುತ್ತಿದ್ದ ಹೊತ್ತು. ನಮಗೆಲ್ಲ ಅದು ನೆನಪಿತ್ತು. ಈಗ ಕೂಗುತ್ತಾಳೆ ಎಂದು ಎಲ್ಲರೂ ಕಾದೆವು. ಓಬಕ್ಕ ನೀರಿನ ಕಡೆ ಬಗ್ಗಿ, ಕೂಗದೆ, ಪಕ್ಕದಲ್ಲಿರುವವರಿಗೆ ಹೇಳುವಷ್ಟೇ ದನಿಯಲ್ಲಿ, "ಇರ್ರಿ, ಇನ್ನೊಂದಿಷ್ಟು ಹೊತ್ತು ಇರ್ರಿ" ಎಂದಳು.

ಮಾರನೆಯ ದಿನ ಗಾಳಿ ತಿರುಗಿತು. ಬೇರೆ ಊರಿನಿಂದ ತಂದ ಒಳ್ಳೆಯ ಕೊಳವೆಗಳು ಹಾರಿದವು, ಬಟ್ಟೆ ತೆಂಕಲಿಗೆ ತೇಲಿತು, ಬಲೆ ತಿರುಗಿಸಿದೆವು. ಓಬಕ್ಕ ಕೈಬೆರಳುಗಳಿಂದ ಕಣ್ಣಿಗೆ ಮರೆ ಮಾಡಿಕೊಂಡು ಎಲ್ಲವನ್ನೂ ನೋಡಿದಳು. ಎರಡು ಕಣ್ಣಿನಿಂದಲೂ ನೋಡಿದಳು.

ಈಗ ನಿಮ್ಮ ಡಬ್ಬದ ಕೊಳವೆಗಳು ಅದೇ ಬಾನಿಯಲ್ಲಿವೆ. ಬಹಳ ಹಳೆಯವಾದ್ದರಿಂದ ತಡವಾಗಿ ಕರಗುತ್ತಿವೆ. ಓಬಕ್ಕ ದಿನಾ ಬಂದು ನೋಡುತ್ತಾಳೆ. ಮೊದಲ ದಿನ ಅವುಗಳನ್ನು ತಿರುಗಿಸಿ ತಿರುಗಿಸಿ ನೋಡಿ, ಯಾರ ಹೆಸರೂ ಇಲ್ಲವಲ್ಲ, ಮತ್ತೆ ಯಾಕೆ ಇಟ್ಟುಕೊಂಡಿದ್ದರು ಎಂದು ಕೇಳಿದಳು. ಮೇಲೆ ಚೆನ್ನಾಗಿ ಕಂಡಿತೆಂದೋ, ನಾಳೆ ಮಾಡಿದರಾಯಿತೆಂದೋ ಇಟ್ಟಿರಬಹುದು ಎಂದೆ. ಅವಳು ನಂಬಲಿಲ್ಲ.

ಕೇಳಿಕೊಳ್ಳುವುದು ಇಷ್ಟೇ. ಕೆಟ್ಟದ್ದೆಂದು ಹಿಂದಕ್ಕೆ ಕರೆದ ವಸ್ತು ನಿಮ್ಮ ಮನೆಯ ಯಾವುದಾದರೂ ಡಬ್ಬದಲ್ಲಿದ್ದರೆ, ಈ ಕಾಗದವನ್ನೂ ಮಡಿಸಿ ಅದರ ಜೊತೆ ಇಟ್ಟುಬಿಡಬೇಡಿ. ಉರಿಗೊಳವೆಯಾದರೆ ಬಿಚ್ಚಲು ಹೋಗಬೇಡಿ, ಒಂದು ಸಲ ಹಚ್ಚಿ ನೋಡೋಣವೆನ್ನಬೇಡಿ. ನೀರಿಗೆ ಹಾಕಿ, ಪೂರ್ತಿ ಕರಗುವವರೆಗೆ ಹತ್ತಿರ ಇರಿ. ಹಾಕಲು ಕೈ ಬಾರದಿದ್ದರೆ ನಮ್ಮತ್ತೆ ಹೇಳಿದ ಮಾತನ್ನೇ ಹೇಳಿ ಹಾಕಿ. ಅವಳನ್ನು ಕೇಳಿದ್ದೇನೆ, ಆಗಲಿ ಎಂದಿದ್ದಾಳೆ.

ಹೊತ್ತಾಯಿತು. ಬಾನಿಗೆ ನೀರು ತುಂಬಿಸಬೇಕು.

ನೇರಲಕಾವಲಿನ ನೆನೆಯಿಡುವ
ಸೂರಮ್ಮ