ಫ್ರೀಜರಿನಲ್ಲಿ ಕೊನೆಯ ಡಬ್ಬಿ

ಅಡುಗೆಮನೆ, ಫ್ರಿಜ್ಜಿಗೆ ಬೆನ್ನು ಕೊಟ್ಟು
ಮಾರ್ಚ್ ೧೨, ಗುರುವಾರ ಸಂಜೆ

ಪೂಜ್ಯಳೂ ಹಠಮಾರಿಯೂ ಆದ ನನ್ನ ಒಬ್ಬಳೇ ಅಕ್ಕನಿಗೆ,

ಮೊದಲು ನಿನ್ನ ಆರೋಗ್ಯ. ಕೈಯ ತುರಿಕೆ ಕಡಿಮೆಯಾಯಿತೇ? ಫಾರ್ಮಲಿನ್ ಮುಟ್ಟದೆ ಇಷ್ಟು ದಿನವಾಯಿತಲ್ಲ, ಬೆರಳುಗಳು ಮತ್ತೆ ಮನುಷ್ಯರ ಬೆರಳಿನ ಹಾಗೆ ಆಗಿರಬೇಕು. ರಾತ್ರಿ ನಿದ್ದೆ ಬರುತ್ತದೆಯೇ, ಅಥವಾ ಸೋದರತ್ತೆಯ ಗೊರಕೆ ಇನ್ನೂ ಕಿಟಕಿಯ ಗಾಜು ಅಲ್ಲಾಡಿಸುವ ಮಟ್ಟದಲ್ಲಿಯೇ ಇದೆಯೇ? ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯುವುದು ಪದ್ಧತಿ, ಆದ್ದರಿಂದ ಬರೆದಿದ್ದೇನೆ, ನಂಬಬೇಡ. ನೀನು ಮನೆಯ ಫೋನ್ ಎತ್ತುವುದಿಲ್ಲವೆಂದು ಶಪಥ ಮಾಡಿದ್ದೀಯ, ಕಾಗದ ಓದುವುದಿಲ್ಲವೆಂದು ಮಾಡಿಲ್ಲ. ಆ ಸಂದಿಯಲ್ಲಿ ನುಸುಳಿದ್ದೇನೆ.

ಈಗ ಘನಗಂಭೀರ ಸಮಾಚಾರ. ನೀನು ಫೀನಾಲ್ ಮತ್ತು ಫಾರ್ಮಲಿನ್ ಕುದಿಸಿ, ನೀರು ತೆಗೆದು, ಮೂರು ಡಬ್ಬಿ ಬೇಕಲೈಟ್ ರಾಳ ಮಾಡಿಟ್ಟು ಹೋದೆಯಲ್ಲ, ಅದರಲ್ಲಿ ಎರಡು ಡಬ್ಬಿ ವೀರಮರಣವನ್ನಪ್ಪಿವೆ. ಅಪ್ಪ ಎರಡು ಸಲವೂ ಅಚ್ಚಿಗೆ ಸುರಿದವರೇ ನಮ್ಮ ಶೆಡ್ಡಿನ ಓವನ್ನಿನ ಕಾವನ್ನು ಒಂದೇ ಏಟಿಗೆ ಏರಿಸಿದರು. ಒಳಗಿನ ನೀರು ಹೊರಗೆ ಬರುವುದಕ್ಕೆ ಪುರಸೊತ್ತೇ ಸಿಗಲಿಲ್ಲ. ಅಲ್ಲೇ ಆವಿಯಾಗಿ ಉಬ್ಬಿತು. ಬೇಕರಿ ಒಲೆಯ ಬಾಗಿಲಿಗೆ ಹಾಕುವ ಹಿಡಿಗಳು ಒಂದೊಂದೂ ಸಿಡುಬು ಬಂದವರ ಮುಖದ ಹಾಗೆ ಹೊರಬಂದವು, ಮುಟ್ಟಿದರೆ ಬಿರುಕು. ಒಲೆ ಮಾಡುವವರು ಬಂದು, ಇನ್ನೊಂದು ಸಲ ಹೀಗಾದರೆ ಬೇರೆ ಕಡೆ ನೋಡಿಕೊಳ್ಳುತ್ತೇವೆ ಎಂದು ಹೇಳಿ ಹೋದರು. ನಮಗೆ ಉಳಿದಿರುವ ಗಿರಾಕಿ ಅವರೊಬ್ಬರೇ ಎಂಬುದು ನಿನಗೂ ಗೊತ್ತು. ಪಾಲಿಶ್ ಮಾಮನಿಗೆ ಕೆಲಸವಿಲ್ಲ. ಹಳೆಯ ಹಿಡಿಯೊಂದನ್ನೇ ದಿನವಿಡೀ ಉಜ್ಜುತ್ತಾನೆ. ಅದೀಗ ಎಷ್ಟು ಸಣ್ಣದಾಗಿದೆಯೆಂದರೆ ಬೆಂಕಿಪೆಟ್ಟಿಗೆಗೆ ಹಿಡಿಯಾಗಿ ಹಾಕಿಸಬಹುದು. ಅಪ್ಪ ಆರಿದ ಓವನ್ನಿನ ಮುಂದೆ ಕುರ್ಚಿ ಹಾಕಿಕೊಂಡು ಕೂರುತ್ತಾರೆ. ಯಾರನ್ನೂ ಬಯ್ಯುವುದಿಲ್ಲ. ನನ್ನನ್ನೂ ಬಯ್ಯುವುದಿಲ್ಲ, ಅಕ್ಕಾ. ಮೊನ್ನೆ ಬೈಸಿಕೊಳ್ಳಲೆಂದೇ ಅವರ ಕೈಗವಸಿನ ಬೆರಳುಗಳನ್ನೆಲ್ಲ ಹೊಲಿದು ಮುಚ್ಚಿಟ್ಟೆ. ಅವರು ಕೂತು ಹೊಲಿಗೆಯನ್ನು ಒಂದೊಂದಾಗಿ ಬಿಚ್ಚಿ ಹಾಕಿಕೊಂಡರು. ನನಗೆ ಭಯವಾಗಿದ್ದು ಆಗ.

ಮೂರನೆಯ ಡಬ್ಬಿಯನ್ನು ನಾನು ಕದ್ದಿದ್ದೇನೆ. ರಾಳ ಮುಗಿಯಿತೆಂದು ಅಪ್ಪನಿಗೆ ಸುಳ್ಳು ಹೇಳಿ, ಡಬ್ಬಿಗೆ ಪ್ಲಾಸ್ಟಿಕ್ ಸುತ್ತಿ, ಮೇಲೆ 'ಮಂಡಿನೋವಿನ ಎಣ್ಣೆ' ಎಂದು ಬರೆದು, ಫ್ರೀಜರಿನಲ್ಲಿ ಬಟಾಣಿಯ ಹಿಂದೆ ಬಚ್ಚಿಟ್ಟಿದ್ದೇನೆ. ಆದರೆ ಅಮ್ಮ ಮಾತುಮಾತಿಗೂ ಬಾಗಿಲು ತೆಗೆಯುತ್ತಾಳೆ, ಒಳಗೆ ತಂಪು ನಿಲ್ಲುವುದಿಲ್ಲ. ರಾಳ ಕದ್ದುಮುಚ್ಚಿ ತನ್ನಷ್ಟಕ್ಕೆ ಗಟ್ಟಿಯಾಗುತ್ತಿದೆ. ದಿನಾ ಒಂದು ತೊಟ್ಟು ಹೊರತೆಗೆದು, ಚಳಿ ಬಿಡಿಸಿ, ನೀನು ಕಲಿಸಿದ ಹಾಗೆ ಕಡ್ಡಿಯಿಂದ ಎಳೆದು ನೋಡುತ್ತೇನೆ, ಸಕ್ಕರೆ ಪಾಕ ನೋಡಿದ ಹಾಗೆ. ಮೊದಲು ಎಳೆ ಮೊಳದುದ್ದ ಬರುತ್ತಿತ್ತು. ಈಗ ಗೇಣು ಮುಟ್ಟುವಷ್ಟರಲ್ಲಿ ತುಂಡಾಗುತ್ತದೆ. ಎಳೆ ಬರುವುದು ನಿಂತ ದಿನ ಅದು ಡಬ್ಬಿಯ ಆಕಾರದ ಕಲ್ಲು. ಮೇಣವಾಗಿದ್ದರೆ ಕರಗಿಸಬಹುದಿತ್ತು, ಬೆಲ್ಲವಾಗಿದ್ದರೆ ಕಾಯಿಸಬಹುದಿತ್ತು. ಇದು ಒಮ್ಮೆ ಬಿಗಿದುಕೊಂಡರೆ ಬೆಂಕಿಗೂ ಬಗ್ಗುವುದಿಲ್ಲ. ನಮ್ಮ ಮನೆಯವರ ಹಾಗೆ.

ಮನೆ ಬಿಟ್ಟು ಹೋದ ದಿನ ನೀನು ಹೇಳಿದ್ದೂ ಈ ಕಾವಿನ ಮಾತನ್ನೇ ತಾನೆ? ಸಣ್ಣ ಕಾವಿನಲ್ಲಿ ಬಿಡಿ, ನೀರು ಹೋಗಲಿ, ಆಮೇಲೆ ಮೆಟ್ಟಿಲು ಮೆಟ್ಟಿಲಾಗಿ ಏರಿಸೋಣ ಎಂದೆ. ಅಪ್ಪ ಎಲ್ಲರೆದುರು, "ಓವನ್ ನಂದು. ಪಾಠ ಮಾಡೋದಿದ್ರೆ ಸ್ಕೂಲಿಗೆ ಹೋಗು," ಎಂದುಬಿಟ್ಟರು. ನೀನು ಏಪ್ರನ್ ಬಿಚ್ಚಿ ಓವನ್ನಿನ ಹಿಡಿಗೆ ಸಿಕ್ಕಿಸಿ ಹೋದೆ. ಅದಿನ್ನೂ ಅಲ್ಲೇ ನೇತಾಡುತ್ತಿದೆ, ಯಾರೂ ತೆಗೆದಿಲ್ಲ. ಕಾವು ಎಲ್ಲಿ ನಿಲ್ಲಿಸಬೇಕು, ಎಷ್ಟು ಹೊತ್ತು ನಿಲ್ಲಿಸಬೇಕು ಎಂಬುದು ನಿನಗೊಬ್ಬಳಿಗೇ ಗೊತ್ತು. ಬರೆದು ಕಳಿಸು ಎಂದು ಕೇಳಬಹುದಿತ್ತು. ಕೇಳುವುದಿಲ್ಲ. ಬಾ. ನಾನು ಹೇಳಿದ್ದೆಲ್ಲ ತಮಾಷೆಯೆಂದು ನಗುವುದು ನಿನ್ನ ಅಭ್ಯಾಸ. ಈ ಒಂದನ್ನು ಮಾತ್ರ ನಗದೆ ಓದು, ನಿನ್ನ ಕಾಲಿಗೆ ಬೀಳುತ್ತೇನೆ.

ಅತ್ತೆಗೆ ನಮಸ್ಕಾರ, ಅವರ ಗೊರಕೆಗೆ ಸಾಷ್ಟಾಂಗ ನಮಸ್ಕಾರ.

ನಿನ್ನ ತಮ್ಮ,
ತರಲೆ

ತಾ.ಕ.: ಲಕೋಟೆಗೆ ಗೋಂದು ತರಲು ಕೋಣೆಗೆ ಹೋಗಿದ್ದೆ, ಅಷ್ಟೇ. ಬಂದು ನೋಡಿದರೆ ಫ್ರಿಜ್ಜಿನ ಮುಂದೆ ಅಪ್ಪ. ಅವರು ಹುಡುಕಲಿಲ್ಲ, ಅಕ್ಕಾ. ಕೈ ನೇರವಾಗಿ ಬಟಾಣಿಯ ಹಿಂದಕ್ಕೇ ಹೋಯಿತು. ಒಂದು ತೊಟ್ಟನ್ನು ಚಮಚದಲ್ಲಿಟ್ಟು ಅಂಗೈಯಲ್ಲಿ ಬೆಚ್ಚಗೆ ಮಾಡಿ, ಕಡ್ಡಿಯಿಂದ ಎಳೆದು, ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ನನಗಿಂತ ಚೆನ್ನಾಗಿ ಪ್ಲಾಸ್ಟಿಕ್ ಸುತ್ತಿ, ಇದ್ದಲ್ಲೇ ಇಟ್ಟರು. ತಿರುಗಿ ನನ್ನನ್ನು ನೋಡಿ, "ಅವಳು ಬರೋವರೆಗೂ ಈ ಬಾಗಿಲು ಪದೇ ಪದೇ ತೆಗೀಬೇಡ ಅಂತ ನಿಮ್ಮಮ್ಮಂಗೆ ಹೇಳು," ಎಂದರು. ಎಳೆ ನಾಲ್ಕೇ ಬೆರಳಿನಷ್ಟು ಬಂತು. ನಾನು ಕಣ್ಣಾರೆ ನೋಡಿದೆ.