ಕರೆಮ್ಮ ಕುಡಿಯದ ಹಾಲು

ಮಕ್ಕಳ ದೂರದರ್ಶನ ಕಾರ್ಯಕ್ರಮದ ಮುಖ್ಯ ಅಧಿಕಾರಿಗಳಿಗೆ,

ಮಾನ್ಯರೇ, ನಿಮ್ಮ ಗಿಲಕಿ ಮಾಮ ನಮ್ಮ ಶಾಲೆಯ ಹುಡುಗಿಯೊಬ್ಬಳ ಮಧ್ಯಾಹ್ನದ ಊಟ ಕಿತ್ತುಕೊಂಡಿದ್ದಾನೆ. ಹೀಗಾಗಿ ನಿಮ್ಮ ಕುಶಲ ವಿಚಾರಿಸುವ ಮನಸ್ಸು ನನಗಿಲ್ಲ.

ಉಪಗ್ರಹದಿಂದ ಪಾಠ ಇಳಿದು ಬರುತ್ತದೆಂದು ಹೋದ ವರ್ಷ ದೇವದುರ್ಗ ತಾಲೂಕಿನ ನಮ್ಮ ಹಳ್ಳಿಯ ಶಾಲೆಗೆ ಟಿ.ವಿ. ಕೊಟ್ಟಿರಿ. ಇಳಿದು ಬಂದದ್ದು ಗಿಲಕಿ ಅಲ್ಲಾಡಿಸುವ ಒಂದು ಬಟ್ಟೆಗೊಂಬೆ, ಈ ಗಿಲಕಿ ಮಾಮ. ಆಗಸ್ಟ್‌ನಿಂದ ಈ ಮಾರ್ಚ್‌ವರೆಗೆ ಅದೇ ಗೊಂಬೆ, ಅದೇ ಗಿಲಕಿ, ಅದೇ ಪ್ರಶ್ನೆ: "ಮಕ್ಕಳೇ, ಬೆಳಿಗ್ಗೆ ಎದ್ದು ಏನು ಕುಡಿದಿರಿ?" ಮೂರು ಎಣಿಸುವಷ್ಟು ಹೊತ್ತು ಸುಮ್ಮನಿದ್ದು, "ಹಾಲು! ಶಭಾಷ್, ಜಾಣರು!" ಎಂದು ತಾನೇ ಉತ್ತರ ಕೊಟ್ಟುಕೊಂಡು ಕುಣಿಯುತ್ತದೆ. ಬೇಸತ್ತು ಬೇರೆ ಏನಾದರೂ ತೋರಿಸಿ ಎಂದು ಬರೆದರೆ, ಮಕ್ಕಳಿಗೆ ಅವನೆಂದರೆ ಪ್ರಾಣ, ಬದಲಾಯಿಸಲಾಗದು ಎಂದು ನಿಮ್ಮ ಕಚೇರಿಯಿಂದ ಉತ್ತರ ಬಂತು. ಒಂದು ಗೊಂಬೆಯನ್ನು ಎಂಟು ತಿಂಗಳು ಕುಣಿಸಲು ಎಷ್ಟು ಜನ ಪದವೀಧರರು ಬೇಕಾದರು ಸ್ವಾಮಿ? ಹಾಲು ಬಿಟ್ಟು ಬೇರೆ ಉತ್ತರವೂ ಇರಬಹುದೆಂದು ಅವರಲ್ಲಿ ಒಬ್ಬರಿಗಾದರೂ ಹೊಳೆಯಬಾರದಿತ್ತೇ?

ಹೋದ ವಾರ ತಾಲೂಕಿನಿಂದ ಸಾಹೇಬರೊಬ್ಬರು ಬಂದರು. ಶಾಲೆಯ ಮಧ್ಯಾಹ್ನದ ಉಪ್ಪಿಟ್ಟು ಯಾವ ಮಕ್ಕಳಿಗೆ ಬೇಕು, ಯಾರಿಗೆ ಬೇಡ ಎಂದು ಪಟ್ಟಿ ತಿದ್ದುವುದಿತ್ತು. ಎರಡನೇ ತರಗತಿಯ ಕರೆಮ್ಮನನ್ನು ಎಬ್ಬಿಸಿ, ಬೆಳಿಗ್ಗೆ ಎದ್ದು ಏನು ಕುಡಿದೆ ಎಂದು ಕೇಳಿದರು. ಹುಡುಗಿ ಕೈಕಟ್ಟಿ ನಿಂತು "ಹಾಲು!" ಅಂದಳು. ಹಾಲು ಕುಡಿಯುವ ಮನೆಯವಳಿಗೆ ಉಪ್ಪಿಟ್ಟು ಬೇಡವೆಂದು ಹೆಸರು ಹೊಡೆದುಹಾಕಿದರು. ನಾನು ಎಷ್ಟು ಹೇಳಿದರೂ, "ಹುಡುಗೀನ ಹೇಳ್ಯಾಳಲ್ರೀ ಮಾಸ್ತರ" ಎಂದು ಜೀಪು ಹತ್ತಿದರು.

ಮರುದಿನ ಅವಳ ತಾಯಿ ದುರುಗಮ್ಮ ಕೂಲಿ ಬಿಟ್ಟು ಬಂದಳು. "ಯಪ್ಪಾ, ನಮ್ಮ ಮನ್ಯಾಗ ಒಂದು ಆಡೂ ಇಲ್ಲ. ಹಾಲು ಎಲ್ಲಿಂದ ಬರ್ಬೇಕ್ರೀ?" ಕರೆಮ್ಮನನ್ನು ಕರೆದು, ಸುಳ್ಳು ಯಾಕೆ ಹೇಳಿದೆ ಎಂದೆ.

"ಏನೂ ಕುಡ್ದಿಲ್ಲ ಅಂದ್ರ ತಪ್ಪು ಉತ್ತರ ಆಗ್ತದಲ್ರೀ ಸರ."

ಈಗ ಉಪ್ಪಿಟ್ಟಿನ ಹೊತ್ತಿಗೆ ಅವಳು ಹೊರಗೆ ಕೂರುತ್ತಾಳೆ. ನನ್ನ ಬುತ್ತಿಯ ರೊಟ್ಟಿ ಕೊಟ್ಟರೆ, "ನನ್ನ ಹೆಸರು ಇಲ್ಲಲ್ರೀ" ಎಂದು ಕೈ ಹಿಂದೆ ಕಟ್ಟಿಕೊಳ್ಳುತ್ತಾಳೆ.

ಆದ್ದರಿಂದ ನನ್ನ ಬೇಡಿಕೆ ಇಷ್ಟೇ. ಆ ಹಾಲು ಗೊಂಬೆಯದು, ಕರೆಮ್ಮ ಎಂಬ ವಿದ್ಯಾರ್ಥಿನಿ ಅದನ್ನು ಕುಡಿದಿಲ್ಲ ಎಂದು ಮೊಹರು ಒತ್ತಿ ತಾಲೂಕು ಕಚೇರಿಗೆ ಒಂದು ಪತ್ರ ಬರೆಯಿರಿ. ಅವಳ ತಾಯಿಯ ಮಾತು ಅಲ್ಲಿ ನಡೆಯುವುದಿಲ್ಲ, ನನ್ನದೂ ನಡೆಯಲಿಲ್ಲ. ನಿಮ್ಮ ಗೊಂಬೆಯ ಮಾತು ನಡೆಯುತ್ತದೆ.

ಇಂತಿ,
ವಿಧೇಯನಾಗಿದ್ದು ಕೆಟ್ಟ ಪಕೀರಪ್ಪ ಮಾಸ್ತರ
(ಗೊಂಬೆ ಕೇಳಿದಾಗ "ಹಾಲು" ಎಂದು ಹೇಳದ ಮಕ್ಕಳನ್ನು ಮೂಲೆಯಲ್ಲಿ ನಿಲ್ಲಿಸುತ್ತಿದ್ದವನು ನಾನೇ)