ಆ ಮೇಜಿನ ಸಾಲಿನಲ್ಲಿ ನಿಲ್ಲಬೇಡ

ಟೆಗೆನ್,

ನಾನು ಬೇಕರಿಗೆ ಹೊರಟೆ, ನೀನಿನ್ನೂ ಗೊರಕೆ ಹೊಡೆಯುತ್ತಿದ್ದೀಯ. ಪ್ಯಾಸ್ಟಿ ಬಿಸಿ ಮಾಡಿ ಮುಚ್ಚಿಟ್ಟಿದ್ದೇನೆ, ತಿಂದೇ ಹೋಗು.

ಶಾಲೆಯಲ್ಲಿ ರಿಸಲ್ಟ್ ಲಕೋಟೆ ಕೈಗೆ ಬಂದ ಕೂಡಲೇ ಹೊರಗೆ ಬಾ. ಇದೇ ಶಾಲೆಯಲ್ಲಿ ಇನ್ನೆರಡು ವರ್ಷ ಎ-ಲೆವೆಲ್ ಓದಲು ಸೇರಿಸಿಕೊಳ್ಳುವ ಮೇಜನ್ನೂ ಅದೇ ಹಾಲ್‌ನಲ್ಲಿ ಹಾಕಿರುತ್ತಾರೆ. ಗೆಳತಿಯರೆಲ್ಲ ಸಾಲು ನಿಂತರೂ ನೀನು ನಿಲ್ಲಬೇಡ. ಪಾಸಾದ ಖುಷಿಯಲ್ಲಿ ನಾನು ಅಲ್ಲೇ ಸಹಿ ಹಾಕಿದ್ದೆ. ನೀನು ಹತ್ತೂವರೆ ಬಸ್ಸು ಹಿಡಿದು ಪೇಟೆಯ ಕಾಲೇಜಿಗೆ ಹೋಗಿ ಸೇರಿಕೋ. ಅಲ್ಲೂ ಸಾಹಿತ್ಯ ಕಲಿಸುತ್ತಾರೆ, ಮುಖ ಊದಿಸಿಕೊಳ್ಳಬೇಡ.

ಪೆನ್‌ರೋಸ್ ಮೇಷ್ಟ್ರು ಬಂದು "ನಿನಗೇ ಅಂತ ಒಂದು ಸೀಟು ಇಟ್ಟಿದ್ದೀನಿ ಕಣಮ್ಮಾ" ಅಂದರೆ, ಅಕ್ಕ ಹೊರಗೆ ಕಾಯುತ್ತಿದ್ದಾಳೆ ಅನ್ನು. ಸುಳ್ಳಾದರೂ ಪರವಾಗಿಲ್ಲ. ನನಗೂ ಸೀಟು ಇಟ್ಟಿದ್ದರು. ಆಮೇಲೆ ಸಂಜೆ ನನಗೊಬ್ಬಳಿಗೇ ಪಾಠ ಶುರುವಾಯಿತು, ಚಿಲಕ ಹಾಕಿದ ಕೋಣೆಯಲ್ಲಿ. ನಾನು ಸೋಮಾರಿತನದಿಂದ ಓದು ಬಿಟ್ಟೆ ಎಂದು ಅಮ್ಮ ಇವತ್ತಿಗೂ ನಂಬಿದ್ದಾಳೆ. ನಂಬಿಕೊಂಡಿರಲಿ. ನೀನು ಹಟ ಮಾಡಿದರೆ ಮಾತ್ರ ಅವಳಿಗೂ ಎಲ್ಲ ಹೇಳಿಬಿಡುತ್ತೇನೆ.

ನಿನ್ನೆ ಆತ ಬೇಕರಿಗೆ ಬಂದಿದ್ದ. ಬನ್ನು ಕಟ್ಟಿಸಿಕೊಂಡು, ಕೈ ಒರೆಸಿಕೊಳ್ಳುತ್ತ ಹೇಳಿದ: "ನಿನ್ ತಂಗಿ ಥೇಟ್ ನಿನ್ ಥರಾನೇ ಬೆಳೀತಿದ್ದಾಳೆ."

ಬಸ್ಸು ತಪ್ಪಿಸಿಕೊಳ್ಳಬೇಡ.

ಲೊವೆನಾ